ಮೀಟರಿನ ನಂಬರು ಭಾಗವಾಗುವ ತನಕ

ನಮ್ಮ ಹಜಾರದಲ್ಲಿ ಅತ್ತೆಯ ಮಂಚ ಹಾಕಲು ಇದ್ದದ್ದು ಒಂದೇ ಜಾಗ. ಬಾಗಿಲಿಗೆ ಅಡ್ಡವಾಗಬಾರದು, ಬಚ್ಚಲಿಗೆ ದೂರವಾಗಬಾರದು, ಫ್ಯಾನಿನ ಗಾಳಿ ನೇರ ತಲೆಗೆ ಹೊಡೆಯಬಾರದು, ದೇವರ ಕೋಣೆಯ ಕಡೆ ಕಾಲು ಬರಬಾರದು. ಇಷ್ಟನ್ನೂ ನೋಡಿ ಮಂಚ ಇಟ್ಟ ಮೇಲೆ ಅವರ ಕಣ್ಣಿಗೆ ಎದುರಾಗಿ ಉಳಿದದ್ದು ಗೋಡೆಯ ಮೇಲಿನ ಕರೆಂಟು ಮೀಟರು. ಈಗೆಲ್ಲ ಮೀಟರು ಹೊರಗೆ ಹಾಕುತ್ತಾರೆ. ನಮ್ಮದು ಹಳೆಯ ಮನೆ, ಮೀಟರು ಒಳಗೇ ಇದೆ, ಮರದ ಹಲಗೆಯ ಮೇಲೆ. ಗಾಜಿನ ಕೆಳಗೆ ಕಪ್ಪು ತಗಡು, ಅದರ ಮೇಲೆ ಬಿಳಿ ಅಕ್ಷರದಲ್ಲಿ 733103. ಓಡುತ್ತಿರುವ ರೀಡಿಂಗ್ ಅಲ್ಲ ಅದು. ಮೀಟರಿಗೇ ಇಟ್ಟ ನಂಬರು, ಮಾಡಿದವರು ಅಚ್ಚು ಹಾಕಿ ಕಳಿಸಿದ್ದು. ಯಾವತ್ತೂ ಬದಲಾಗುವುದಿಲ್ಲ.

ಹೊಳೆನರಸೀಪುರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಮಾವನವರು ಧಾನ್ಯದ ವ್ಯಾಪಾರ ಮಾಡುತ್ತಿದ್ದರು. ಅಂಗಡಿ ಅವರದು, ಅಳೆಯುವ ಕೆಲಸ ಅತ್ತೆಯದು. ಹಿತ್ತಿಲ ಜಗುಲಿಯಲ್ಲಿ ರಾಗಿ ರಾಶಿಯ ಮುಂದೆ ಕೂತು ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿಯುವರು. ಬಾಯಲ್ಲಿ ಎಣಿಕೆ: ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು, ಎಂಟು. ಒಂದು ಅನ್ನುವ ಕಡೆ ಲಾಭ ಅನ್ನುವುದು ನನ್ನ ತವರು ಅರಕಲಗೂಡಿನಲ್ಲೂ ಇತ್ತು, ಅದು ಶುಭಕ್ಕೆ. ಏಳನ್ನು ಬಾಯಿಗೆ ತರದಿರುವುದು ಮಾತ್ರ ನಾನು ಈ ಮನೆಯಲ್ಲೇ ಕಂಡದ್ದು. ಏಕೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಹಿಂದೆ ಯಾರೋ ಹಿರಿಯರು ಏಳನೆಯ ಸೇರು ಸುರಿಯುವಾಗ ರಾಶಿಯ ಮೇಲೇ ಬಿದ್ದು ಹೋದರಂತೆ. ಅತ್ತೆಯನ್ನು ಕೇಳಿದರೆ, "ನಮ್ಮತ್ತೆ ಅನ್ನಬ್ಯಾಡ ಅಂದ್ರು, ಅನ್ನಲಿಲ್ಲ" ಅಷ್ಟೇ. ರಾಗಿಗೆ ಹಾಕಿಕೊಂಡ ನೇಮ ಇಡ್ಲಿಗೂ ಬಂತು, ತೆಂಗಿನಕಾಯಿಗೂ ಬಂತು, ಮಾತ್ರೆಗೂ ಬಂತು. ನನಗೂ ನಾಲಿಗೆಗೆ ಹತ್ತಿಹೋಯಿತು. ತಟ್ಟೆಗೆ ಏಳು ಇಡ್ಲಿ ಹಾಕಬೇಕಾದರೆ ಆರು ಹಾಕಿ ಸ್ವಲ್ಪ ತಡೆದು ಇನ್ನೊಂದು ಹಾಕುವ ಹೆಂಗಸು ನಾನು.

ಅತ್ತೆ ಬಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ತೊಡೆಯ ಸಂದಿನ ಮೂಳೆ ಮುರಿದಿತ್ತು. ಹಾಸನದಲ್ಲಿ ಆಪರೇಷನ್ ಆಯಿತು, ಒಳಗೆ ಪ್ಲೇಟು ಹಾಕಿದರು, ವಾಕರ್ ಹಿಡಿದು ನಡೆಸಿ ಅಂದರು. ಮನೆಗೆ ಬಂದ ಮೇಲೆ ಒಂದು ಸಲ ನಿಂತರು, ಕಾಲು ನಡುಗಿತು, ಕೂತುಬಿಟ್ಟರು. ಆಮೇಲೆ ಕಾಲು ನೆಲಕ್ಕೆ ಊರಲಿಲ್ಲ. ಇಬ್ಬರು ಹೆಂಗಸರನ್ನು ನೋಡಿಕೊಳ್ಳಲು ಇಟ್ಟು ನೋಡಿದೆವು. ಒಬ್ಬಳ ಬಾಯಿ ಹೊಗೆಸೊಪ್ಪಿನ ವಾಸನೆ ಅಂತ ಓಡಿಸಿದರು. ಇನ್ನೊಬ್ಬಳು "ಅಜ್ಜಿ ತಿರುಗು, ಅಜ್ಜಿ ಮಲಗು" ಅಂತ ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತಾಳೆ ಅಂತ ಊಟ ಬಿಟ್ಟರು. ಕಡೆಗೆ ನಾನೇ. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ಟ್ಯೂಷನ್ ನಿಲ್ಲಿಸಿದೆ. ಹಾಲಿನ ಬೂತಿನಿಂದ ಮೆಡಿಕಲ್ ಸ್ಟೋರಿನವರೆಗೆ, ಅಷ್ಟೇ ನನ್ನ ಊರು. ಅಲ್ಲಿಗೆ ಹೋದರೂ ಹಿಂದಿನಿಂದ ಕೂಗು ಕೇಳಿದ ಹಾಗಾಗಿ ಚಿಲ್ಲರೆ ಈಸಿಕೊಳ್ಳುವುದನ್ನೂ ಮರೆತು ಬರುತ್ತಿದ್ದೆ. ನಮ್ಮ ಮನೆಯ ಹಿಂದಕ್ಕೆ ರೈಲು ದಾರಿ. ಮೈಸೂರಿನಿಂದ ಹಾಸನಕ್ಕೆ ಹೋಗುವ ಗಾಡಿಯ ಶಬ್ದ ಅಡಿಗೆಮನೆಯ ಪಾತ್ರೆಗಳಲ್ಲಿ ಕೇಳುತ್ತದೆ. ಮೊದಲೆಲ್ಲ ಅದು ಹೊತ್ತು ತಿಳಿಯುವುದಕ್ಕಿತ್ತು. ಆಮೇಲೆ ಅದು ಬಂದಾಗಲೆಲ್ಲ ಕೈ ನಿಲ್ಲತೊಡಗಿತು.

ಹಾಸನದಲ್ಲಿ ನನ್ನ ತಂಗಿಯ ಮಗಳಿದ್ದಾಳೆ. ತಂಗಿ ಹೋದಾಗ ಅವಳಿನ್ನೂ ಶಾಲೆಯ ಹುಡುಗಿ. ನಮಗೆ ಮಕ್ಕಳಿಲ್ಲ, ರಜ ಬಂದರೆ ಅವಳು ನಮ್ಮಲ್ಲೇ. ಮದುವೆಯಾಗಿ ಈಗ ಮೊದಲ ಬಸಿರು, ಹೆರಿಗೆಗೆ ಇನ್ನೆರಡು ತಿಂಗಳಿತ್ತು. ಅವಳ ಅತ್ತೆಗೆ ಅರಕಲಗೂಡಿನ ಹಳ್ಳಿಯಲ್ಲಿ ಹೊಗೆಸೊಪ್ಪಿನ ಬೆಳೆ. ಸೊಪ್ಪು ಹದ ಮಾಡುವ ಬ್ಯಾರನ್ ಗೂಡಿಗೆ ಬೆಂಕಿ ಹಾಕಿದ ಮೇಲೆ ಸೊಪ್ಪು ಬೇಯುವ ತನಕ ಅದರ ಬುಡ ಬಿಟ್ಟು ಏಳುವ ಹಾಗಿಲ್ಲ. ಅಲ್ಲದೆ ಮೊದಲ ಬಾಣಂತನ ತಾಯಿ ಮನೆಯವರದು, ಅಂದರೆ ನನ್ನದು. "ನೀನು ಬರ್ತೀಯಲ್ವಾ ದೊಡ್ಡಮ್ಮ?" ಅಂತ ಬಸಿರು ನಿಂತ ಹೊಸದರಲ್ಲೇ ಕೇಳಿದ್ದಳು. "ಇನ್ಯಾರು ಬರ್ತಾರೆ?" ಅಂದಿದ್ದೆ. ಅತ್ತೆ ಬಿದ್ದದ್ದು ಆಮೇಲೆ.

ಅತ್ತೆಯ ಮಗಳು, ನನ್ನ ನಾದಿನಿ, ಇರುವುದು ಚನ್ನರಾಯಪಟ್ಟಣದಲ್ಲಿ, ಅಂಗನವಾಡಿಯಲ್ಲಿ ಕೆಲಸ. ಒಂದು ಭಾನುವಾರ ಬಂದವಳು ತಾಯಿಯ ತಲೆ ಬಾಚುತ್ತಾ ಮಾತು ತೆಗೆದಳು.

"ಅವ್ವ, ನಮ್ಮನೆಗೆ ಬಂದು ಒಂದೆರಡು ತಿಂಗಳು ಇರು. ಅತ್ತಿಗೆ ಹಾಸನಕ್ಕೋಗಿ ಬಾಣಂತನ ಮುಗಿಸ್ಕೊಂಡು ಬರ್ಲಿ."

"ನಿಮ್ಮನೇಗಾ?"

"ಊಂ. ನಾನಿಲ್ವಾ? ನಿನ್ನಳಿಯ ಏನ್ ನಿನ್ನ ಬೇಡ ಅಂತಾರಾ?"

"ಅಳಿಯನ ಮನೇಲಿ ಒಂದಕ್ಕೂ ಎರಡಕ್ಕೂ ಪ್ಯಾನು ಇಡಿಸ್ಕೊಂಡು ಮನಗಬೇಕಾ ನಾನು? ಆವಯ್ಯ ನಡುಮನೇಲಿ ಕಾಪಿ ಕುಡೀತಾ ಕೂತಿರ್ತಾನೆ, ನಾನು ಈ ಕಡೆ ಮಗ್ಗುಲು ತಿರುಗುಸ್ರವ್ವ ಅಂತ ಕೂಗಬೇಕಾ? ಬುಡು ಬುಡು."

"ಹಂಗಾರೆ ಅತ್ತಿಗೆ ಎಲ್ಲಿಗೂ ಹೋಗೋದೇ ಬ್ಯಾಡ್ವಾ?"

ಅತ್ತೆ ಗೋಡೆಯತ್ತ ಬೆರಳು ತೋರಿಸಿದರು. "ಅಗಾ, ಆ ಮೀಟ್ರು ನಂಬರು ಐತಲ್ಲ, ಮತ್ತೊಂದು ಲಕ್ಸದ ಮೂವತ್ಮೂರು ಸಾವಿರದ ನೂರಾ ಮೂರು. ಅದು ಯಾವತ್ತು ಬಾಗ ಆಯ್ತದೋ ಅವತ್ತು ಬತ್ತೀನಿ ನಿಮ್ಮನೆಗೆ. ಆಸ್ಪತ್ರೆಯಿಂದ ಬಂದಾಗಿಂದ ನೋಡ್ತಾ ಇವ್ನಿ. ಎರಡ್ರಲ್ಲಿ ಓಗಲ್ಲ, ಮೂರ್ರಲ್ಲಿ ಓಗಲ್ಲ, ಐದ್ರಲ್ಲಿ ಓಗಲ್ಲ. ಯಾರ ಪಾಲ್ಗೂ ಬರೋದಲ್ಲ ಅದು. ನನ್ನಂಗೆ."

ನಾದಿನಿ ನಕ್ಕು ಜಡೆ ಹೆಣೆದು ಹೋದಳು. ನಮ್ಮ ಮನೆಯವರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಪಂಪು, ಪೈಪಿನ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದಾಗ ವಿಷಯ ಹೇಳಿದೆ. ಅವರು ಮೀಟರನ್ನು ನೋಡಿ, ಬೆರಳು ಮಡಿಸಿ, "ಕೂಡಿದ್ರೆ ಹದಿನೇಳು, ಒಂದೂ ಮತ್ತೊಂದೂ ಎಂಟು. ಶನಿ ನಂಬರು. ಅದಕ್ಕೇ ಬಿಲ್ಲು ಜಾಸ್ತಿ ಬರ್ತಿರೋದು" ಅಂದು ರಾಮನಾಥಪುರಕ್ಕೆ ಮೋಟಾರು ಇಳಿಸಿ ಬರಲು ಹೊರಟುಹೋದರು.

ನನಗೆ ಮಾತ್ರ ಆ ಮಾತು ತಲೆಯಲ್ಲಿ ಉಳಿಯಿತು. ಅತ್ತೆ ಆಡಿದ ಮಾತು ತಪ್ಪಿದವರಲ್ಲ. ಬೇಡ ಅನ್ನುವುದಕ್ಕೆ ಹುಡುಕಿದ ಒಂದು ದಾರಿ ಅದು ಅಂತ ಗೊತ್ತಿತ್ತು. ಆದರೂ ಗೋಡೆಯಂಥ ಅವರ ಹಟದಲ್ಲಿ ಅದೊಂದೇ ಬಿರುಕು. ಹಾಸನದಲ್ಲಿ ಬಿ.ಎಸ್ಸಿ. ಮೊದಲ ವರ್ಷ ಗಣಿತ ಓದಿ ಮದುವೆಯಾಗಿ ಬಂದವಳು ನಾನು. ಇಷ್ಟು ದೊಡ್ಡ ಸಂಖ್ಯೆ ಯಾವುದರಿಂದಲೂ ಭಾಗವಾಗದೆ ಇರುವ ಸಾಧ್ಯತೆ ಕಡಿಮೆ, ಎಲ್ಲೋ ಒಂದು ಕಡೆ ಒಡೆಯಲೇಬೇಕು ಅಂತ ಲೆಕ್ಕ ಹಾಕಿದೆ.

ಮಾರನೆಯ ಮಧ್ಯಾಹ್ನ ಟ್ಯೂಷನ್ನಿನ ಸ್ಲೇಟು ತೆಗೆದುಕೊಂಡು ಮಂಚದ ಪಕ್ಕ ಕೂತೆ.

"ಏನೇ ಅದು?"

"ನಿಮ್ಮ ನಂಬರು ಒಡೆಯೋಣ ಅಂತ ಅತ್ತೆ."

ಅತ್ತೆಯ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆ ಬಂತು. "ಬಾ ಅಂಗಾರೆ. ಸಣ್ಣವೆಲ್ಲ ನಂದು ಆಗೈತೆ. ನೀನು ಅನ್ನೊಂದರಿಂದ ಇಡ್ಕೊ."

ಫೋನಿನಲ್ಲಿ ಒತ್ತಿದರೆ ಗಳಿಗೆಯ ಕೆಲಸವಲ್ಲವೇ ಎಂದು ಯಾರಾದರೂ ಕೇಳಬಹುದು. ಅತ್ತೆ ಮೊದಲೇ ಅದನ್ನು ಕಟ್ಟಿ ಹಾಕಿದ್ದರು. "ಆ ಡಬ್ಬಿ ಲೆಕ್ಕ ನಂಗೆ ಬ್ಯಾಡ. ಅದು ಲೆಕ್ಕ ಮಾಡೋ ಅಂಗಿದ್ರೆ ನಂಗೆ ನೀರೂ ಅದೇ ಉಯ್ಯಲಿ." ಗುಟ್ಟಾಗಿ ಒತ್ತಿ ನೋಡಬಹುದಿತ್ತು, ನೋಡಲಿಲ್ಲ. ಮೋಸವಾಗುತ್ತದೆ ಅಂತ ಅರ್ಧ. ಇನ್ನರ್ಧ, ಆ ಮಧ್ಯಾಹ್ನಗಳು ಬೇರೆ ಥರ ಕಳೆಯುವುದು ನನಗೂ ಬೇಕಿತ್ತು.

ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಅನ್ನುತ್ತಾರೆ ಅಂತ ಅತ್ತೆಗೆ ಹೇಳಿದೆ. ಎಲ್ಲದರಿಂದಲೂ ಭಾಗಿಸಿ ನೋಡಬೇಕಿಲ್ಲ, ಅವಿಭಾಜ್ಯಗಳಿಂದ ನೋಡಿದರೆ ಸಾಕು. ಅದೂ ಕಡೆಯ ತನಕ ಬೇಡ, ಎಂಟುನೂರ ಐವತ್ತಾರರ ತನಕ ಸಾಕು.

"ಅದ್ಯಾಕೆ ಅಲ್ಗೇ ನಿಲ್ಲೋದು?"

"ಎಂಟುನೂರ ಐವತ್ತಾರನ್ನ ಅದರಿಂದಲೇ ಗುಣಿಸಿದರೆ ಹೆಚ್ಚು ಕಡಿಮೆ ಈ ನಂಬರು ಬರುತ್ತೆ ಅತ್ತೆ. ಎರಡು ಸೇರಿ ಗುಣಿಸಿ ಇದಾಗಬೇಕಾದರೆ ಎರಡೂ ಅದಕ್ಕಿಂತ ದೊಡ್ಡದಾಗೋ ಹಾಗಿಲ್ಲ."

ಅವರು ಸ್ವಲ್ಪ ಯೋಚಿಸಿದರು. "ಗಂಡ ಎಂಡ್ತೀಲಿ ಒಬ್ರು ಕುಳ್ಳಗಿರಬೇಕು ಅನ್ನು. ಉದ್ದದೋರನ್ನ ಉಡುಕಬ್ಯಾಡ, ಕುಳ್ಳರನ್ನ ಉಡುಕು."

ಹನ್ನೊಂದಕ್ಕೆ ಎಂಟು ಉಳಿಯಿತು. ಹದಿಮೂರಕ್ಕೆ ಏಳು. ನಾನು ಸ್ಲೇಟಿನ ಮೇಲೆ ಬರೆದೆ, ಬಾಯಲ್ಲಿ "ಮತ್ತೊಂದು ಉಳೀತು" ಅಂದೆ. ಹದಿನೇಳಕ್ಕೆ ಹನ್ನೆರಡು. ಹತ್ತೊಂಬತ್ತಕ್ಕೆ ತಿರುಗಿ ಅದೇ ಮತ್ತೊಂದು. ಇಪ್ಪತ್ತಮೂರಕ್ಕೆ ಭಾಗಿಸುವಾಗ ಆಗಿಯೇ ಹೋಯಿತು ಅಂದುಕೊಂಡೆ. ಕಡೆಗೆ ಒಂದು ಉಳಿಯಿತು.

"ಲಾಬ ಉಳೀತು ಬುಡು!" ಅತ್ತೆ ಮಂಚದ ಪಟ್ಟಿಗೆ ಬಡಿದು ನಕ್ಕರು.

ಅಲ್ಲಿಂದ ಅದೇ ದಿನಚರಿಯಾಯಿತು. ಬೆಳಿಗ್ಗೆ ಪ್ಯಾನು, ಮೈ ಒರೆಸುವುದು, ಬೆನ್ನಿಗೆ ಪೌಡರು, ವಿಭೂತಿ ಹಚ್ಚಿ ಕೈಗೆ ಲಿಂಗ ಕೊಡುವುದು, ಗಂಜಿ, ಮಾತ್ರೆ, ಹಾಸಿಗೆ ಬಟ್ಟೆ ಒಗೆಯುವುದು, ಅಡಿಗೆ, ಮತ್ತೆ ಪ್ಯಾನು. ಮಧ್ಯಾಹ್ನ ಸ್ಲೇಟು. ದಿನಕ್ಕೆ ನಾಲ್ಕೈದು ಭಾಗಾಕಾರ, ಕೆಲವು ದಿನ ಒಂದೂ ಇಲ್ಲ. ನಾನು ಸ್ಲೇಟಿನಲ್ಲಿ ಮಾಡುವೆ, ಅವರು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಮಾಡುವರು. ನನಗೆ ಅದು ಒಡೆಯಬೇಕು, ಅವರಿಗೆ ಒಡೆಯಬಾರದು. ಒಂದೇ ಸ್ಲೇಟಿನ ಮೇಲೆ ನಾವಿಬ್ಬರೂ ಎದುರಾಳಿಗಳು. ಒಂದು ದಿನ ಮುನ್ನೂರರ ಮೇಲಿನ ಯಾವುದೋ ಸಂಖ್ಯೆಗೆ ಸೊನ್ನೆ ಬಂತು. ಸ್ಲೇಟನ್ನು ಅವರ ಮುಖದ ಮುಂದೆ ಹಿಡಿದೆ. ಅವರು ಅದನ್ನು ದೂರಕ್ಕೆ ಸರಿಸಿ ನೋಡಿದರು.

"ಎಂಟ್ರಲ್ಲಿ ಐದು ಓದ್ರೆ ಎರಡಾ ಉಳಿಯೋದು?"

ಕಳೆಯುವುದರಲ್ಲಿ ತಪ್ಪಿದ್ದೆ. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಮಾಡಿದೆ. ಸೊನ್ನೆ ಬರಲಿಲ್ಲ.

ಪಕ್ಕದ ಸಂಖ್ಯೆ ಹೇಗಿದೆ ನೋಡೋಣ ಅಂತ ಒಂದು ದಿನ ಕೊನೆಯ ಮೂರನ್ನು ನಾಲ್ಕು ಮಾಡಿದೆ. 733104. ಅದು ಎರಡರಲ್ಲಿ ಹೋಗುತ್ತದೆ, ಮೂರರಲ್ಲಿ, ನಾಲ್ಕರಲ್ಲಿ, ಆರರಲ್ಲಿ, ಎಂಟರಲ್ಲಿ, ಒಂಬತ್ತರಲ್ಲಿ, ಹನ್ನೆರಡರಲ್ಲಿ, ಹದಿನಾರರಲ್ಲಿ. ತನ್ನನ್ನು ಭಾಗಿಸುವ ಬೇರೆ ಸಂಖ್ಯೆಗಳನ್ನೆಲ್ಲ ಕೂಡಿದರೆ ತನಗಿಂತ ಹೆಚ್ಚಾಗುತ್ತದೆ, ಅಂಥದಕ್ಕೆ ಸಮೃದ್ಧ ಸಂಖ್ಯೆ ಅನ್ನುತ್ತಾರೆ ಅಂತ ವಿವರಿಸಿದೆ. ಕೂಡಿದರೂ ತನ್ನಷ್ಟಾಗದಿದ್ದರೆ ಅದು ಕೊರತೆಯ ಸಂಖ್ಯೆ. ಅವಿಭಾಜ್ಯಕ್ಕಂತೂ ತನ್ನನ್ನು ಬಿಟ್ಟರೆ ಕೂಡಲು ಇರುವುದು ಒಂದೇ ಒಂದು.

"ನಿಮ್ಮ ನಂಬರಿಗಿಂತ ಒಂದೇ ಹೆಜ್ಜೆ ಮುಂದಕ್ಕಿದೆ ಅತ್ತೆ, ನೋಡಿ ಎಷ್ಟು ಜನ ಬಂದು ಹೋಗ್ತಾರೆ."

"ಅದು ಮನೆ ಅಲ್ಲ ಕಣವ್ವ, ಛತ್ರ" ಅಂದರು.

ನಕ್ಕೆ. ಆದರೆ ಅವತ್ತು ಪಾತ್ರೆ ತೊಳೆಯುವಾಗ ನನಗೆ ಅನಿಸಿದ್ದು ಬೇರೆ. ಒಂದು ಅಂಕಿ ಆಚೆಗೆ ಸರಿದಿದ್ದರೆ ಆಗಿಹೋಗುತ್ತಿತ್ತು. ಈ ಮನೆಗೆ ಮೀಟರು ತಂದವನು ಗಾಡಿಯಿಂದ ಅದರ ಪಕ್ಕದ್ದನ್ನು ಎತ್ತಿಕೊಂಡಿದ್ದರೂ ಸಾಕಿತ್ತು. ನಾನು ಸಿಕ್ಕಿಹಾಕಿಕೊಂಡಿರುವುದು ಒಂದು ಅಂಕಿಯಲ್ಲಿ. ಹೀಗೆಲ್ಲ ಯೋಚಿಸುವವಳಲ್ಲ ನಾನು. ಹೊರಗೆ ಹೋಗದೆ ಇದ್ದರೆ ಯೋಚನೆಯೂ ಮನೆಯ ಉದ್ದಗಲಕ್ಕೇ ಸುತ್ತುತ್ತದೆ.

ತಂಗಿಯ ಮಗಳು ದಿನಾ ಫೋನು ಮಾಡುವಳು. ಬರುತ್ತೀಯಾ ಅಂತ ಕೇಳುವುದನ್ನು ನಿಲ್ಲಿಸಿದ್ದಳು. "ಬಾಣಂತಿಗೆ ನೀರು ಹಾಕೋ ಹೆಂಗಸೊಬ್ಬಳು ಇದಾಳಂತೆ ದೊಡ್ಡಮ್ಮ, ಬೆಳಿಗ್ಗೆ ಒಂದು ಗಂಟೆ ಬಂದು ಹೋಗ್ತಾಳಂತೆ. ಪರವಾಗಿಲ್ಲ" ಅಂದಳು ಒಂದು ದಿನ. ಪರವಾಗಿಲ್ಲ ಅನ್ನುವಾಗ ಅವಳ ಅಮ್ಮನ ದನಿಯೇ. ನನ್ನ ತಂಗಿಯೂ ಪರವಾಗಿಲ್ಲ ಅಂತಲೇ ಎಲ್ಲವನ್ನೂ ಮುಚ್ಚಿಡುತ್ತಿದ್ದವಳು. ಫೋನು ಇಟ್ಟ ಮೇಲೆ ಆ ಮಧ್ಯಾಹ್ನ ಎಂದಿಗಿಂತ ಜಾಸ್ತಿ ಭಾಗಾಕಾರ ಮಾಡಿದೆ. ಒಂದೂ ಹೋಗಲಿಲ್ಲ.

ಕಡೆಗೆ ಎಂಟುನೂರ ಐವತ್ತಮೂರಕ್ಕೆ ಬಂದೆವು. ಅದಾದ ಮೇಲಿನ ಅವಿಭಾಜ್ಯ ಎಂಟುನೂರ ಐವತ್ತೇಳು, ಅದು ಗಡಿಯ ಆಚೆ. ಬಳಪದ ಸದ್ದು ಮಾತ್ರ. ಶೇಷ ಉಳಿಯಿತು.

"ಮುಗೀತಾ?"

"ಮುಗೀತು ಅತ್ತೆ."

"ನಾ ಏಳ್ಲಿಲ್ವಾ? ಅದು ಒಡೆಯೋದಲ್ಲ." ಗೆದ್ದ ಖುಷಿಯಲ್ಲೇ ಅಂದರು. ಆಮೇಲೆ ನನ್ನ ಮುಖ ನೋಡಿದರು ಅಂತ ಕಾಣುತ್ತದೆ. "ಒಸಿ ಕಾಪಿ ಕಾಯ್ಸವ್ವ, ನೀನೂ ಕುಡಿ" ಅಂದು ಗೋಡೆಯ ಕಡೆ ತಿರುಗಿಕೊಂಡರು.

ಕಾಫಿ ಕೊಟ್ಟು ಫೋನು ಹಿಡಿದು ಹಿತ್ತಿಲಿಗೆ ಹೋದೆ. ತಂತಿಯ ಮೇಲೆ ಅತ್ತೆಯ ಹಾಸಿಗೆ ಬಟ್ಟೆ ಒಣಗುತ್ತಿದ್ದವು. ತಂಗಿಯ ಮಗಳಿಗೆ ಫೋನು ಮಾಡಿ, ಆ ನೀರು ಹಾಕುವ ಹೆಂಗಸಿಗೆ ಮಾತು ಕೊಟ್ಟುಬಿಡು ಮಗ, ನನಗೆ ಬರಲಾಗುವುದಿಲ್ಲ ಅಂದೆ. ಅವಳು ಅಳಬಾರದು ಅಂತ ನಗಿಸಲು ನೋಡಿದೆ. ಮೀಟರಿನ ಕಥೆಯನ್ನೆಲ್ಲ ಹೇಳಿದೆ, ಇಷ್ಟು ದಿನ ಸ್ಲೇಟು ಸವೆಸಿದ್ದು, ಕಡೆಗೆ ಅಜ್ಜಿಯೇ ಗೆದ್ದದ್ದು.

"ಎಷ್ಟು ನಂಬರು?" ಅಂದಳು. ಹೇಳಿದೆ. ಏನೋ ಒತ್ತುತ್ತಿದ್ದಳು.

"ದೊಡ್ಡಮ್ಮ."

"ಊಂ?"

"ಏಳರಲ್ಲಿ ಹೋಗುತ್ತಲ್ಲ."

"ಸಣ್ಣವೆಲ್ಲ ಅತ್ತೆ ಆಗಲೇ ನೋಡಿದ್ದರು ಕಣೆ."

"ಅಯ್ಯೋ ದೊಡ್ಡಮ್ಮ, ನಿಮ್ಮನೇಲಿ ಏಳನ್ನ ಯಾರು ನೋಡ್ತಾರೆ? ಮಾವಿನಹಣ್ಣು ಎಣಿಸೋವಾಗ ನಾನು ಏಳು ಅಂದಿದ್ದಕ್ಕೆ ಅಜ್ಜಿ ಎಲ್ಲಾನೂ ವಾಪಸ್ ಬುಟ್ಟಿಗೆ ಹಾಕಿ ಮೊದಲಿಂದ ಎಣಿಸಿರ್ಲಿಲ್ವಾ?" ಆಮೇಲೆ ಓದಿ ಹೇಳಿದಳು. "ಒಂದು ಲಕ್ಷದ ನಾಲ್ಕು ಸಾವಿರದ ಏಳುನೂರ ಇಪ್ಪತ್ತೊಂಬತ್ತು ಸಲ. ಅದು ಮಾತ್ರ ಇನ್ನು ಒಡೆಯಲ್ವಂತೆ. ಎರಡರಿಂದ ಎಣಿಸ್ಕೊಂಡು ಬಂದ್ರೆ ಹತ್ತು ಸಾವಿರನೇ ಅವಿಭಾಜ್ಯ ಅದೇ ಅಂತೆ."

ಅಡಿಗೆಮನೆಯ ಕಟ್ಟೆಯ ಮೇಲೆ ಸ್ಲೇಟು ಇಟ್ಟು ನಾನೇ ಮಾಡಿದೆ. ಏಳರಲ್ಲಿ ಏಳು ಒಂದು ಸಲ. ಮೂರಕ್ಕೆ ಸೊನ್ನೆ. ಮೂವತ್ತಮೂರಕ್ಕೆ ನಾಲ್ಕು, ಐದು ಉಳಿಯಿತು. ಐವತ್ತೊಂದಕ್ಕೆ ಏಳು, ಎರಡು ಉಳಿಯಿತು. ಇಪ್ಪತ್ತಕ್ಕೆ ಎರಡು, ಆರು ಉಳಿಯಿತು. ಅರವತ್ತಮೂರಕ್ಕೆ ಒಂಬತ್ತು. ಏನೂ ಉಳಿಯಲಿಲ್ಲ. ಎರಡನೆಯ ತರಗತಿಯ ಮಕ್ಕಳು ಬಾಯಿಪಾಠ ಮಾಡುವ ಮಗ್ಗಿ ಅದು. ನೂರಾರು ಭಾಗಾಕಾರ ಮಾಡಿದ ಕೈ ಇದೊಂದನ್ನು ಮಾಡಿರಲಿಲ್ಲ. ಹನ್ನೊಂದರಿಂದ ಹಿಡಿದುಕೋ ಅಂದಾಗ ಅತ್ತೆ ಬೇಕೆಂದು ಬಿಟ್ಟಿರಲಿಲ್ಲ, ನಾನೂ ಮರೆತಿರಲಿಲ್ಲ. ಅಲ್ಲೊಂದು ಸಂಖ್ಯೆಯಿದೆ ಅನ್ನುವುದೇ ಇಬ್ಬರಿಗೂ ಕಂಡಿರಲಿಲ್ಲ.

ಸ್ಲೇಟು ಹಿಡಿದು ಹಜಾರಕ್ಕೆ ಬಂದೆ. ಕಾಫಿಯ ಲೋಟ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

"ಅತ್ತೆ, ನಂಬರು ಒಡೀತು."

ಅವರು ತಲೆ ತಿರುಗಿಸಿದರು. "ಎಷ್ಟ್ರಲ್ಲಿ?"

"ಏಳರಲ್ಲಿ."

ಆ ಹಜಾರದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅದೇ ಮೊದಲಿರಬೇಕು. ಅತ್ತೆ ಬೈಯಲಿಲ್ಲ. ಸ್ಲೇಟನ್ನೂ ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡರು. ತುಟಿ ಅಲ್ಲಾಡುತ್ತಿತ್ತು, ಬೆರಳು ಹೊದಿಕೆಯ ಮೇಲೆ ಒಂದೊಂದಾಗಿ ಮಡಚಿಕೊಳ್ಳುತ್ತಿತ್ತು.

"ಊಂ. ಓಯ್ತದೆ" ಅಂದರು ಕಡೆಗೆ. ಆಮೇಲೆ, "ಅದು ನಮ್ಮನೇಲಿ ಲೆಕ್ಕಕ್ಕಿಲ್ಲ."

"ಲೆಕ್ಕಕ್ಕೆ ನಮ್ಮನೆ ನಿಮ್ಮನೆ ಅಂತ ಇಲ್ಲ ಅತ್ತೆ. ಹಾಸನದಲ್ಲೂ ಅಷ್ಟೇ, ಚನ್ನರಾಯಪಟ್ಟಣದಲ್ಲೂ ಅಷ್ಟೇ. ನೀವು ಮಾತು ಕೊಟ್ಟಿದ್ರಿ."

ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಅಷ್ಟು ದಿನವೂ ಸ್ಲೇಟಿನ ಹಿಂದೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು. "ಆ ಹುಡುಗಿಗೆ ತಾಯಿಲ್ಲ ಅತ್ತೆ. ಹೆರಿಗೆ ಆದಾಗ ಪಕ್ಕದಲ್ಲಿ ಯಾರಿರ್ತಾರೆ? ನಿಮ್ಮ ಮಗಳಿಗೆ ಬಾಣಂತನ ಮಾಡೋವಾಗ ನೀವು ಯಾರನ್ನಾದ್ರೂ ಕೇಳಿದ್ರಾ?"

ಈಗ ಅತ್ತೆಯ ದನಿಯಲ್ಲಿ ಹಟ ಇರಲಿಲ್ಲ. "ನಾಚ್ಕೆ ಅಂತ ಅವಳ ಮುಂದೆ ಅಂದೆ. ನಾಚ್ಕೆ ಅಲ್ಲ ಕಣವ್ವ, ಬಯ. ಈ ಮಂಚದಿಂದ ಎತ್ತಿ ಕಾರಿಗೆ ಆಕಿದ್ರೆ ತಿರುಗಿ ಈ ಬಾಗಲು ನೋಡ್ತೀನೋ ಇಲ್ವೋ. ಅಲ್ಲೇ ಓದ್ರೆ? ಮಗಳ ಮನೇಲಿ ಸತ್ಲು ಅಂತ ಆಗಬಾರ್ದು."

ತಣ್ಣಗಾದ ಕಾಫಿಯನ್ನು ಎತ್ತಿಕೊಂಡೆ. ಬಿಸಿ ಮಾಡಿ ತರಲು ಹೊರಟವಳನ್ನು ಹಿಂದಿನಿಂದ ಕರೆದರು.

"ಲೇ, ಇಲ್ಲಿ ಕೇಳು. ಆ ಉಡುಗೀನೇ ಇಲ್ಲಿಗೆ ಕರ್ಕಂಡು ಬಾ. ನೀರು ಆಕೋಕೆ ಅಂಡೆ ಐತೆ, ಸೌದೆ ಐತೆ. ಅವಳು ಆ ರೂಮ್ನಲ್ಲಿ ಮನಗ್ಲಿ. ಮಗೀಗೆ ಎಣ್ಣೆ ತಿಕ್ಕೋದು ನಂಗೆ ಬುಡು. ಎದ್ದು ಕೂತ್ಕತೀನಿ. ಕೂತ್ಕಂಡೇ ತಿಕ್ತೀನಿ."

ಕೂರುತ್ತೇನೆ ಅಂತ ಆಸ್ಪತ್ರೆಯಿಂದ ಬಂದ ಮೇಲೆ ಅವರು ಹೇಳಿದ್ದು ಅದೇ ಮೊದಲು. ಅದನ್ನು ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಸಂಜೆ ನಮ್ಮ ಮನೆಯವರಿಗೆ ಹೇಳಿದಾಗ ಅವರು ಅಂಗಡಿಯ ಬೀಗದ ಗೊಂಚಲನ್ನು ಮೊಳೆಗೆ ಹಾಕುತ್ತಾ, "ಸಲೀಸಾಯ್ತಲ್ಲ ಮತ್ತೆ! ನೀನು ಅಲ್ಲಿಗೂ ಇಲ್ಲಿಗೂ ಅಲೆಯೋದು ತಪ್ಪಿತು" ಅಂದರು. ನಾದಿನಿ ಫೋನಿನಲ್ಲಿ "ಅವ್ವನ್ನ ಒಪ್ಪಿಸ್ಬಿಟ್ರಲ್ಲ ಅತ್ತಿಗೆ, ಎಲ್ರಿಗೂ ಹೇಳ್ತಿದೀನಿ" ಅಂತ ಖುಷಿಪಟ್ಟಳು. ತಂಗಿಯ ಮಗಳು ಮಾತ್ರ "ನಿನಗೆ ಕಷ್ಟ ಆಗಲ್ವಾ ದೊಡ್ಡಮ್ಮ, ಇಬ್ಬರು?" ಅಂತ ಕೇಳಿದಳು. "ಇಲ್ಲ ಬಿಡು" ಅಂದೆ. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ನನಗೂ ಅದೇ ಬೇಕಿತ್ತು ಅಂತ ಅಷ್ಟು ದಿನ ನಂಬಿದ್ದೆ.

ಅವಳು ಇರುವುದು ಹಾಸನದಲ್ಲಿ ಎರಡನೇ ಮಹಡಿಯ ಮನೆಯಲ್ಲಿ. ಅಡಿಗೆಮನೆಗೆ ಒಂದು ಕಿಟಕಿ, ಕೆಳಗೆ ತರಕಾರಿ ಗಾಡಿಗಳು, ಆಟೋಗಳು, ಕಾಲೇಜಿಗೆ ಹೋಗುವ ಹುಡುಗಿಯರು. ಬಾಣಂತಿಯ ಸಾರು ಕುದಿಯುವ ತನಕ ಆ ಕಿಟಕಿಯಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ನಿಂತಿದ್ದೆನೋ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೂ ಏನೆಂದು ಹೇಳುವುದು?

ಹೆಣ್ಣು ಮಗು. ಆಸ್ಪತ್ರೆಯಿಂದ ಕರೆತರುವ ದಿನ ನಾದಿನಿ ರಜ ಹಾಕಿ ಬಂದು ಅತ್ತೆಯ ಹತ್ತಿರ ಕೂತಳು, ನಾನು ಹಾಸನಕ್ಕೆ ಹೋದೆ. ಒಂದು ಬೆಳಿಗ್ಗೆ ಮಾತ್ರ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹಾಸನದಲ್ಲಿ ಇಳಿದು ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಆಟೋ ಹತ್ತದೆ ನಡೆದೆ, ಬೇಕೆಂದೇ ದೊಡ್ಡ ರಸ್ತೆ ಸುತ್ತಿಕೊಂಡು. ವಾಪಸು ಬರುವಾಗ ತಂಗಿಯ ಮಗಳ ಗಂಡನೇ ಕಾರು ಓಡಿಸಿದ. ಅವಳು ಹಿಂದೆ ದಿಂಬಿಗೆ ಒರಗಿ ಕೂತಿದ್ದಳು, ಮಗು ನನ್ನ ತೊಡೆಯ ಮೇಲೆ. ಆಲೂಗಡ್ಡೆ ಹೊಲಗಳು ಕಳೆದವು, ಹೊಳೆಯ ಸೇತುವೆ ಬಂತು, ನಮ್ಮ ಬೀದಿ ಬಂತು.

ಕಾರು ನಿಂತಿತು. ಒಳಗಿನಿಂದ "ಬಂದ್ರಾ? ಬಂದ್ರೇನೇ? ಎಣ್ಣೆ ಬೆಚ್ಚಗೆ ಮಾಡಾಕೇಳು" ಅಂತ ಅತ್ತೆಯ ಕೂಗು. ದನಿ ಮಲಗಿದವರ ದನಿಯಲ್ಲ, ಕೂತವರ ದನಿ. ನಾದಿನಿ ಬಾಗಿಲಿಗೆ ಆರತಿ ತಟ್ಟೆ ಹಿಡಿದು ಬಂದಳು. ತಂಗಿಯ ಮಗಳ ಗಂಡ ಚೀಲಗಳನ್ನು ಇಳಿಸಿದ. ಅವಳೂ ಮೆಲ್ಲಗೆ ಇಳಿದು ಕಾರಿನ ಬಾಗಿಲು ಹಿಡಿದು ನಿಂತಳು.

"ದೊಡ್ಡಮ್ಮ, ಇಳಿಯಲ್ವಾ?"

"ಇರು, ಈಗ ತಾನೆ ನಿದ್ದೆ ಹತ್ತಿದೆ" ಅಂದೆ, ಮಗುವನ್ನು ನೋಡುತ್ತಾ. "ಒಂದು ಗಳಿಗೆ ಇರು."

ಮಗು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.